‘ಎರಡೇ ಸೀಟ್ ಅದಾವ್ರೀ!’

ನಮ್ಮಲ್ಲಿ ಗಿರಾಕಿಯನ್ನು ಯಾಮಾರಿಸುವ ಸ್ಕ್ರೀನ್ ವಿನ್ಯಾಸ, ಅಂದರೆ ಡಾರ್ಕ್ ಪ್ಯಾಟರ್ನ್, ಇಲ್ಲವೇ ಇಲ್ಲ ಎಂದು 26 ಆನ್‌ಲೈನ್ ಕಂಪನಿಗಳು ತಾವೇ ಪರೀಕ್ಷೆ ಬರೆದು, ತಾವೇ ಪೇಪರ್ ತಿದ್ದಿ, ತಾವೇ ಪಾಸಾದದ್ದನ್ನು ನೀವೂ ಓದಿದ್ದೀರಿ. 2025ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೀಗೆ ತಮ್ಮನ್ನು ತಾವೇ ತಪಾಸಣೆ ಮಾಡಿಕೊಳ್ಳಲು ಮೂರು ತಿಂಗಳ ಗಡುವು ಕೊಟ್ಟಿತ್ತು. ನವೆಂಬರ್‌ಗೆ ಫಲಿತಾಂಶ ನೂರಕ್ಕೆ ನೂರು. ಎಸ್ಸೆಸ್ಸೆಲ್ಸಿಗೂ ಈ ಪದ್ಧತಿ ಬಂದರೆ ನಮ್ಮ ಬೆಳಗಾವಿ ಕಡೆಯ ಜಿಲ್ಲೆಗಳೂ ಒಮ್ಮೆ ಮೊದಲ ಸ್ಥಾನ ಕಂಡಾವು.

ಕಾನೂನಿಗೇನೂ ಬುದ್ಧಿ ಕಮ್ಮಿ ಇಲ್ಲ. 2023ರ ನವೆಂಬರ್ 30ರ ಮಾರ್ಗಸೂಚಿ 13 ಕುತಂತ್ರಗಳನ್ನು ಹೆಸರು ಹಿಡಿದು ಕರೆದಿದೆ. ಮನುಷ್ಯ ಗಡಿಬಿಡಿಗೆ ಬೀಳುತ್ತಾನೆ, ನಾಚುತ್ತಾನೆ, ಮೊದಲೇ ಬಿದ್ದ ಟಿಕ್ ತೆಗೆಯಲು ಬೇಸರಪಡುತ್ತಾನೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ದೀಪಾವಳಿ ಮುಗಿಸಿ ಬೆಳಗಾವಿಯಿಂದ ಬೆಂಗಳೂರಿಗೆ ಹೊರಟ ಹುಡುಗ ಬಸ್ಸಿನ ಆ್ಯಪ್ ತೆರೆಯುತ್ತಾನೆ ಅನ್ನಿ. ‘2 ಸೀಟು ಮಾತ್ರ, 30 ಜನ ನೋಡುತ್ತಿದ್ದಾರೆ!’ ಸೀಟು ಇನ್ನೂ ಬೇಕಾದಷ್ಟಿದ್ದರೆ ಇದು ಸುಳ್ಳು ತುರ್ತು. ಸೀಟಿನ ಮೇಲೆ ₹899. ಹಣ ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ಕನ್ವೀನಿಯನ್ಸ್ ಫೀ, ಅದು ಇದು ಸೇರಿ ಸಾವಿರದ ಹತ್ತಿರ. ಕೇಳದ ₹29ರ ವಿಮೆ ಮೊದಲೇ ಬುಟ್ಟಿಯಲ್ಲಿ ಕೂತಿದೆ. ತೆಗೆದರೆ ‘ನಾನು ಅಸುರಕ್ಷಿತವಾಗಿಯೇ ಇರುತ್ತೇನೆ’ ಎಂದು ಒತ್ತಬೇಕು. ಹೆಚ್ಚುಕಡಿಮೆ ಇದೇ ಮಾತು ಮಾರ್ಗಸೂಚಿಯ ಉದಾಹರಣೆಯಲ್ಲೂ ಇದೆ. ಅವ್ವನ ಮುಖ ನೆನಪಾಗಿ ಹುಡುಗ ಟಿಕ್ ವಾಪಸ್ ಹಾಕುತ್ತಾನೆ.

ಬೆಳಗಾವಿಯ ಖಡೇಬಜಾರಿನಲ್ಲಿ ಇಳಕಲ್ ಸೀರೆಗೆ ಮೂರು ಸಾವಿರ ಅಂದವನು ಹದಿನೆಂಟುನೂರಕ್ಕೆ ಇಳಿಯುವುದೂ ಇದೇ ವಿದ್ಯೆ ತಾನೇ ಅನ್ನಬಹುದು. ಹೌದು, ಮೊದಲು ಕೇಳಿದ ಅಂಕಿ ತಲೆಯಲ್ಲಿ ಗೂಟ ಹೊಡೆದು ಕೂರುತ್ತದೆ. ಆದರೆ ಅಲ್ಲಿ ಕೊಳ್ಳುವ ಅಕ್ಕನೂ ಆಟಗಾರಳೇ. ‘ಸೆರಗನ್ನ ಒಡಲಿಗೆ ಜೋಡಸೋ ಕೊಂಡಿ ಎಲ್ಲೈತ್ರೀ? ಇದು ಪಾವರ್‌ಲೂಮ್ ಮಾಲ್’ ಎಂದು ಹತ್ತು ಹೆಜ್ಜೆ ನಡೆದರೆ ಸಾಕು, ‘ಬರ್ರಿ ಅಕ್ಕಾರ, ಬೋಣಿಗಿ ಟೈಮ್ ಐತಿ’ ಎಂದು ಹಿಂದಿನಿಂದ ಕೂಗು ಬರುತ್ತದೆ. ಆ್ಯಪ್ ಬಿಟ್ಟು ಎದ್ದರೆ ನೋಟಿಫಿಕೇಶನ್ ಬರುತ್ತದೆ, ದರ ಇಳಿಯುವುದಿಲ್ಲ.

ಈ ಮಾರ್ಗಸೂಚಿಯಲ್ಲಿ ಬೇರೆ ದಂಡದ ಪಟ್ಟಿ ಇಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬಾಗಿಲನ್ನೇ ತಟ್ಟಬೇಕು. ಮೊದಲ ದರ, ತಾನಾಗಿ ಬಿದ್ದ ಟಿಕ್, ಕೊನೆಯ ಮೊತ್ತ, ಮೂರರದೂ ಸ್ಕ್ರೀನ್‌ಶಾಟ್ ಇರಬೇಕು. ಹಣ ಕಟ್ಟಿದ ಮೇಲೆ ಆ ಪುಟ ಮತ್ತೆ ಸಿಗದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು. ನೀವು ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಎಲ್ಲ ಸರಿ. ಟಿಕ್ ತೆಗೆಯಲೂ ಬೇಸರಪಡುವ ಪ್ರಾಣಿ ಎಂದು ನಮ್ಮನ್ನು ಗುರುತಿಸಿದ ಕಾನೂನೇ, ಅದೇ ಪ್ರಾಣಿ ಅರ್ಜಿ, ಅಫಿಡವಿಟ್ ಹಿಡಿದು ಬರಲಿ ಎಂದು ಕಾಯುತ್ತ ಕೂತಿದೆ. ಯಾರು ಹೋಗುತ್ತಾರ್ರೀ? ಯಾರೂ ಹೋಗುವುದಿಲ್ಲ ಎಂಬುದು ಆ್ಯಪಿನವರಿಗೆ ಗೊತ್ತು. ಅದಕ್ಕೇ ವಿಮೆ ₹29, ₹290 ಅಲ್ಲ.