ಓಡಿಹೋದ ಮಕ್ಕಳು, ಓಡಿಹೋಗಲಾಗದ ನೌಕೆ

ಅಕ್ಕನ ಮಗಳಿಗೆ ಈಗ 14 ವರ್ಷ. ರಜೆಗೆ ಬಂದವಳು ಒಂದೇ ವಾರದಲ್ಲಿ ಮೂರು ದಪ್ಪ ಪುಸ್ತಕ ಮುಗಿಸಿದಳು. ಮೂರೂ ಒಂದೇ ಥರದವು. ನಾಲ್ಕೈದು ಹುಡುಗ ಹುಡುಗಿಯರು, ಕದ್ದ ಬಾಹ್ಯಾಕಾಶ ನೌಕೆ, ತಲೆಯ ಮೇಲೆ ಬಹುಮಾನ, ಬೆನ್ನ ಹಿಂದೆ ಇಡೀ ಸರ್ಕಾರ. ಮನೆಗೆ ಬಂದ ನೆಂಟರೊಬ್ಬರು ನೋಡಿ, "ಬರೀ ಕಳ್ಳರ ಕಥೆ ಓದ್ತಾ ಕೂತರೆ ಹೇಗಮ್ಮ" ಅಂದರು. ನಾನು ಆಗ ಏನೂ ಹೇಳಲಿಲ್ಲ. ಹೇಳಬೇಕಿತ್ತು. ಯಾಕೆಂದರೆ ನಾನೂ ಈ ಕಥೆಗಳನ್ನು ವರ್ಷಗಳಿಂದ ಬಿಡದೆ ಓದುವವಳು.

ಮನೆ ಬಿಟ್ಟು ಓಡಿಹೋಗುವ ಮಕ್ಕಳ ಕಥೆ ಎಲ್ಲ ಕಾಲದಲ್ಲೂ ಇದೆ. ಕಾಡಿಗೆ ಓಡಬಹುದು, ಪಟ್ಟಣಕ್ಕೆ ಓಡಬಹುದು. ಅಲ್ಲೂ ಜಗಳವಾಯಿತೆಂದರೆ ಚೀಲ ಹೆಗಲಿಗೇರಿಸಿ ಮತ್ತೆ ಹೊರಡಬಹುದು. ನೌಕೆಯಲ್ಲಿ ಅದು ಆಗುವುದಿಲ್ಲ. ಬಾಗಿಲಾಚೆ ಗಾಳಿಯೇ ಇಲ್ಲ. ನಿರ್ವಾತಕ್ಕೆ ಬಿದ್ದವರಿಗೆ ಹತ್ತು ಹದಿನೈದು ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಹಾಗಾಗಿ ಎಲ್ಲರಿಂದ ತಪ್ಪಿಸಿಕೊಂಡು ಬಂದ ಹುಡುಗಿ, ತನಗೆ ಮುಖ ಕಂಡರಾಗದ ಹುಡುಗನ ಜೊತೆ ತಿಂಗಳುಗಟ್ಟಲೆ ಅದೇ ಗಾಳಿ ಉಸಿರಾಡಬೇಕು. ನನಗೆ ಈ ಪ್ರಕಾರ ಇಷ್ಟವಾಗುವುದು ಇದಕ್ಕೇ. ಓಡಿಹೋದವರನ್ನು ಓಡಿಹೋಗಲಾಗದ ಜಾಗದಲ್ಲಿ ಕೂರಿಸುತ್ತದೆ.

ಆದರೆ ಎಷ್ಟೋ ಲೇಖಕರು ಈ ಗಾಳಿಯನ್ನೇ ಮರೆತುಬಿಡುತ್ತಾರೆ. ಇದು ನನ್ನ ದೊಡ್ಡ ತಕರಾರು. ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕಿಲೋ ಆಮ್ಲಜನಕ ಬೇಕು. ಹೊರಬಿಡುವ ಇಂಗಾಲದ ಡೈಆಕ್ಸೈಡು ಸುಮಾರು ಒಂದು ಕಿಲೋ. ಐದು ಜನಕ್ಕೆ ಲೆಕ್ಕ ಹಾಕಿ ಹೊರಟ ನೌಕೆಯಲ್ಲಿ ಆರನೆಯವನೊಬ್ಬ ಅಡಗಿ ಕೂತಿದ್ದಾನೆ ಅನ್ನಿ. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ಆಮೇಲಿನ ಮಾತು. ಅವನ ಪ್ರತಿ ಉಸಿರೂ ಉಳಿದವರ ಪಾಲಿನಿಂದಲೇ ಹೋಗುತ್ತದೆ. ಇಷ್ಟು ಸಾಕಲ್ವಾ ಕಥೆಗೆ? ಲೇಸರ್ ಬಂದೂಕು ಯಾಕೆ ಬೇಕು?

ಚಂದ್ರನತ್ತ ಹೊರಟಿದ್ದ ಅಮೆರಿಕದ ಅಪೊಲೊ 13 ನೆನಪಿಸಿಕೊಳ್ಳಿ. 1970ರ ಏಪ್ರಿಲ್. ಆಮ್ಲಜನಕದ ಟ್ಯಾಂಕ್ ಸಿಡಿದು, ಚಂದ್ರನ ಮೇಲೆ ಇಳಿಯಲು ಇಬ್ಬರಿಗೆಂದು ಕಟ್ಟಿದ ಪುಟ್ಟ ಚಂದ್ರನೌಕೆಯಲ್ಲಿ ಮೂವರು ಸೇರಿಕೊಂಡರು. ಒಳಗೆ ಡೈಆಕ್ಸೈಡು ಏರುತ್ತಿತ್ತು. ಅದನ್ನು ಹೀರುವ ಡಬ್ಬಿಗಳು ಮುಖ್ಯ ನೌಕೆಯಲ್ಲಿ ಬೇಕಾದಷ್ಟಿದ್ದವು, ಆದರೆ ಅವು ಚೌಕ. ಚಂದ್ರನೌಕೆಯ ಜಾಗ ದುಂಡಗೆ. ಕೊನೆಗೆ ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಟೇಪು ಸೇರಿಸಿ ಹೊಂದಿಸಿದರು. ಇದನ್ನು ಅಕ್ಕನ ಮಗಳಿಗೆ ಹೇಳಿದಾಗ ಅವಳು ಪುಸ್ತಕ ಮಡಚಿಟ್ಟು ಕಿವಿಗೊಟ್ಟು ಕೇಳಿಸಿಕೊಂಡಳು.

"ಹದಿನೇಳರ ಹುಡುಗರಿಗೆ ಇದೆಲ್ಲ ಆಗೋದುಂಟಾ?" ಎಂಬುದು ಇನ್ನೊಂದು ಆಕ್ಷೇಪ. 1969ರ ಜುಲೈನಲ್ಲಿ ಚಂದ್ರನ ಮೇಲೆ ಇಳಿಯುವಾಗ ಕಂಪ್ಯೂಟರು 1202 ಎಂಬ ಎಚ್ಚರಿಕೆ ಕೊಟ್ಟಿತು. ಮುಂದುವರಿಯಬಹುದು ಎಂದು ಭೂಮಿಯಿಂದ ಹೇಳಿದ ಸ್ಟೀವ್ ಬೇಲ್ಸ್‌ಗೆ ಆಗ 26. ಅವನಿಗೆ ಉತ್ತರ ಒದಗಿಸಿದ ಜ್ಯಾಕ್ ಗಾರ್ಮನ್‌ಗೆ 24. ಗಾರ್ಮನ್ ಎಲ್ಲ ಎಚ್ಚರಿಕೆಗಳ ಪಟ್ಟಿಯನ್ನು ಕೈಯಲ್ಲೇ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದ. ನನಗೆ ಕಥೆಗಳಲ್ಲಿ ಆ ಪಟ್ಟಿ ಬೇಕು. ಆರನೇ ವಯಸ್ಸಿಗೇ ಯಾವ ಬೀಗವನ್ನಾದರೂ ತೆಗೆಯುವ, ಯಾವ ಎಂಜಿನ್ನನ್ನಾದರೂ ಓಡಿಸುವ ಮೇಧಾವಿಗಳು ಸಾಕಾಗಿದ್ದಾರೆ. ರಾತ್ರಿ ನಿದ್ದೆಗೆಟ್ಟು ಪಟ್ಟಿ ಬರೆದವಳನ್ನು ನಾನು ಕೂಡಲೇ ನಂಬುತ್ತೇನೆ.

ಇನ್ನು ಕಾನೂನು ಮುರಿಯುವ ವಿಷಯ. ಈ ತಂಡಗಳ ಅಜ್ಜಂದಿರು ಕಡಲ್ಗಳ್ಳರು ತಾನೇ. ಬಾರ್ತಲೋಮ್ಯು ರಾಬರ್ಟ್ಸ್ ಎಂಬವನ ಹಡಗಿನ ಕಟ್ಟಳೆಗಳು ಇವತ್ತಿಗೂ ಸಿಗುತ್ತವೆ. ಮುಖ್ಯ ವಿಷಯಗಳಲ್ಲಿ ಪ್ರತಿಯೊಬ್ಬನಿಗೂ ಒಂದು ಮತ. ದುಡ್ಡಿಟ್ಟು ಜೂಜಾಡುವ ಹಾಗಿಲ್ಲ. ರಾತ್ರಿ ಎಂಟಕ್ಕೆ ದೀಪ ಆರಿಸಬೇಕು. ಕಳ್ಳರಿಗೂ ದೀಪ ಆರಿಸುವ ಹೊತ್ತು! ಒಳ್ಳೆಯ ಲೇಖಕರು ಹಿಡಿಯುವುದು ಇದನ್ನೇ. ಹೊರಗಿನ ಕಾನೂನು ಬೇಡವೆಂದ ಮಕ್ಕಳು ಒಳಗೆ ತಮ್ಮದೇ ಒಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಮತಕ್ಕೆ ಹಾಕಿದಾಗ ನಾಯಕಿ ಸೋಲುವ ಅಧ್ಯಾಯ ಬಂದರೆ ನಾನು ಆ ರಾತ್ರಿ ಮಲಗುವುದಿಲ್ಲ.

ಅದರ ಜೊತೆಗೇ ಇನ್ನೊಂದನ್ನೂ ಹೇಳಬೇಕು. 1716ರಲ್ಲಿ ಸ್ಯಾಮ್ಯುಯೆಲ್ ಬೆಲ್ಲಮಿಯ ಕಡಲ್ಗಳ್ಳರು ಒಂದು ಹಡಗು ಹಿಡಿದರು. ತಾಯಿಯ ಜೊತೆ ಅದರಲ್ಲಿದ್ದ ಜಾನ್ ಕಿಂಗ್ ಎಂಬ ಪುಟ್ಟ ಹುಡುಗ, ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ಹಟ ಹಿಡಿದು ಹೋದ. ಮರುವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಕೇಪ್ ಕಾಡ್ ಬಳಿ ಬಿರುಗಾಳಿಗೆ ಸಿಕ್ಕಿ ಬೆಲ್ಲಮಿಯ ವೈಡಾ ಹಡಗು ಮುಳುಗಿತು. 1984ರಲ್ಲಿ ಅದು ಪತ್ತೆಯಾದ ಮೇಲೆ ಸಿಕ್ಕ ವಸ್ತುಗಳಲ್ಲಿ ಒಂದು ಸಣ್ಣ ಷೂ, ರೇಷ್ಮೆಯ ಕಾಲುಚೀಲ, ಒಂದು ಮಗುವಿನ ಕಾಲಿನ ಮೂಳೆ ಇದ್ದವು. ಅದು ಅವನದೇ ಎಂದು ಸಂಶೋಧಕರು ನಂಬುತ್ತಾರೆ.

ಸಾಹಸದ ಕಥೆ ಬರೆಯುವವರು ಆ ಷೂ ಮರೆಯಬಾರದು ಅಂತ ನನಗನ್ನಿಸುತ್ತದೆ. ಎಲ್ಲರನ್ನೂ ಸಾಯಿಸಿ ಅಂತಲ್ಲ. ಆದರೆ ಮುನ್ನೂರು ಪುಟ ಗುಂಡಿನ ಮಳೆಯಲ್ಲಿ ಓಡಿದ ಮೇಲೂ ಯಾರಿಗೂ ತರಚು ಗಾಯವಿಲ್ಲ, ಯಾರಿಗೂ ಅಮ್ಮನ ನೆನಪಿಲ್ಲ ಅಂದರೆ ಆ ಮಕ್ಕಳನ್ನು ಲೇಖಕರೇ ಸರಿಯಾಗಿ ನೋಡಿಲ್ಲ.

ನಿನ್ನೆ ಅಕ್ಕನ ಮಗಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ನೌಕೆ ಬರೆದಿದ್ದಳು. ಐದು ಮಂಚ, ಒಂದು ಮೇಜು, ಎಂಜಿನ್ನು. ಬಂದೂಕು ಇರಲಿಲ್ಲ. ಪಕ್ಕದಲ್ಲಿ ಗೆರೆ ಎಳೆದು ಒಂದು ಕೋಷ್ಟಕ: ಗಾಳಿಯ ಡಬ್ಬಿ ಬದಲಿಸುವುದು ಯಾರ ಪಾಳಿ, ಯಾವ ದಿನ. ಸೋಮವಾರದ ಮುಂದೆ ಬರೆದಿದ್ದ ಹೆಸರನ್ನು ಹೊಡೆದುಹಾಕಿ ಬೇರೆ ಹೆಸರು ಬರೆದಿದ್ದಳು. ಯಾಕೆ ಅಂತ ಕೇಳಿದೆ. "ಅವನು ಹೋದ ವಾರ ಮರೆತಿದ್ದ. ಎಲ್ಲರೂ ಸೇರಿ ತೆಗೆದುಹಾಕಿದ್ರು" ಅಂದಳು.

ಅವಳ ರಜೆ ಇನ್ನೂ ಎರಡು ವಾರ ಇದೆ. ಇಂಥ ಪಾಳಿ ಪಟ್ಟಿ ಇರುವ ಪುಸ್ತಕ ಯಾವುದಾದರೂ ನೀವು ಓದಿದ್ದರೆ ಹೆಸರು ಹೇಳಿ, ತರಿಸಿಕೊಡುತ್ತೇನೆ.