ಚಡ್ಡಿಯಲ್ಲಿ ನಿಂತ ವೀರ

ನನ್ನ ಸೋದರಳಿಯ ಮೊನ್ನೆ ನನ್ನ ಕವಚ ಮಾರಿಬಿಟ್ಟ. ಹೊಟ್ಟೆ ಇನ್ನೂ ಉರಿಯುತ್ತಿದೆ, ಉರಿ ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಕವಚ ಅಂದರೆ ಸ್ಕೈರಿಮ್ ಅನ್ನೋ ಕಂಪ್ಯೂಟರ್ ಆಟದ್ದು. 2011ರ ಆಟ. ಆಮೇಲೆ ಬಂದ ಎಷ್ಟೋ ಆಟಗಳು ಹಳತಾದವು, ನಾನು ಮಾತ್ರ ಅದರಲ್ಲೇ ಇದ್ದೇನೆ. ಅಭಿಮಾನ ಅಂತ ಹೇಳಿಕೊಳ್ಳುತ್ತೇನೆ, ನಿಜ ಏನೆಂದರೆ ನನ್ನ ಕಂಪ್ಯೂಟರ್ ಅದಕ್ಕಿಂತ ಹೊಸದನ್ನು ತಡೆಯುವುದಿಲ್ಲ. ಅಲ್ಲದೆ ಮಡಿಕೇರಿಯಿಂದ ಆಚೆ, ಗಾಳಿಬೀಡಿನ ಕಡೆ, ಜುಲೈ ತಿಂಗಳಲ್ಲಿ ರಾತ್ರಿ ಎಂಟರ ಮೇಲೆ ಮನುಷ್ಯ ಇನ್ನೇನು ಮಾಡಬೇಕು ಹೇಳಿ. ಹೊರಗೆ ಮಳೆ. ಒಳಗೆ ಹದಿನೈದು ದಿನದಿಂದ ಒಣಗದ ಬಟ್ಟೆಗಳ ವಾಸನೆ. ಕರೆಂಟ್ ಇದ್ದರೆ ಆಟ, ಇಲ್ಲದಿದ್ದರೆ ನಿದ್ದೆ.

ಈ ಆಟದಲ್ಲಿ ಡ್ರ್ಯಾಗನ್ ಕೊಲ್ಲುವುದು ಸುಲಭ, ಏನು ಹಾಕಿಕೊಂಡು ಕೊಲ್ಲಬೇಕು ಅನ್ನುವುದೇ ಕಷ್ಟ. ಹಗುರದ ಕವಚವೋ, ಭಾರದ ಕವಚವೋ? ನಾನು ಭಾರದ ಪಾರ್ಟಿ. ಭಾರದ್ದರಲ್ಲಿ ಡೇಡ್ರಿಕ್ ಅಂತ ಒಂದು ಸೆಟ್ಟಿದೆ. ಕಪ್ಪು ಬಣ್ಣ, ಮೈತುಂಬಾ ಮುಳ್ಳು, ಸಂದಿಯಲ್ಲೆಲ್ಲ ಕೆಂಪು ಗೆರೆ. ಹಾಕಿಕೊಂಡರೆ ಸುಟ್ಟ ಹಲಸಿನ ಹಣ್ಣಿಗೆ ಕೈಕಾಲು ಬಂದ ಹಾಗೆ ಕಾಣುತ್ತೇವೆ, ಆದರೆ ರಕ್ಷಣೆಯಲ್ಲಿ ಅದನ್ನು ಮೀರಿಸಿದ್ದಿಲ್ಲ. ಅದನ್ನು ಮಾಡಬೇಕಾದರೆ ಕಮ್ಮಾರಿಕೆ 90ಕ್ಕೆ ಏರಬೇಕು. ಏರಿಸಲು ನಾನು ಚಿನ್ನದ ಉಂಗುರ ಮಾಡುತ್ತಾ ಕೂತೆ. ಎಷ್ಟು ಮಾಡಿದೆ ಅಂದರೆ ಒಂದು ರಾತ್ರಿ ಹೆಂಡತಿ ಬಂದು ಸ್ಕ್ರೀನ್ ನೋಡಿ, "ರೀ, ಅದರಲ್ಲಿ ಒಂದಾದರೂ ಇತ್ತ ಬರುತ್ತಾ?" ಅಂತ ಕೇಳಿ ಹೋದಳು. ಆಮೇಲೆ ಎಬನಿ ಅನ್ನೋ ಲೋಹದ ಗಟ್ಟಿಗಳು ಹದಿಮೂರು ಬೇಕು. ಜೊತೆಗೆ ಎದೆಗೊಂದು, ತಲೆಗೊಂದು, ಕೈಗೊಂದು, ಕಾಲಿಗೊಂದು ಅಂತ ಡೇಡ್ರಾ ಅನ್ನೋ ರಾಕ್ಷಸರ ನಾಲ್ಕು ಹೃದಯ. ಹೃದಯ ಅಂದರೆ ಹೃದಯವೇ, ಬಡಿದು ಕಿತ್ತು ತರಬೇಕು. ಒಂದೂವರೆ ತಿಂಗಳು ಹಿಡಿಯಿತು.

ಇಷ್ಟರಲ್ಲಿ ಅಳಿಯಂದಿರ ಆಗಮನ ಆಯಿತು. ಮಳೆ ಜಾಸ್ತಿ ಅಂತ ಡಿಸಿ ಸಾಹೇಬರು ಶಾಲೆಗೆ ರಜೆ ಕೊಟ್ಟರು, ಅಕ್ಕ ಮಗನನ್ನು ನಮ್ಮಲ್ಲಿಗೆ ಕಳಿಸಿದಳು. ಒಂಬತ್ತನೇ ಕ್ಲಾಸು. ಹುಡುಗ ಒಳ್ಳೆಯವನೇ. ಊಟಕ್ಕೆ ತಕರಾರಿಲ್ಲ, ದೊಡ್ಡವರು ಬಂದರೆ ಎದ್ದು ನಿಲ್ಲುತ್ತಾನೆ. ಒಂದೇ ಒಂದು ರೋಗ: ಏನು ಕಂಡರೂ "ವೇಸ್ಟ್ ಮಾವ" ಅನ್ನುತ್ತಾನೆ. ನಮ್ಮ ಟಿವಿ ವೇಸ್ಟ್. ನನ್ನ ಸ್ಕೂಟರ್ ವೇಸ್ಟ್. ಬೆಳಿಗ್ಗೆ ಕಡುಬಿನ ಜೊತೆ ಕೊಟ್ಟ ಚಟ್ನಿಗೂ ಅಂದಿದ್ದ, ಇವಳು ಸೌಟು ಹಿಡಿದು ತಿರುಗಿದ ಮೇಲೆ "ಚಟ್ನಿಯಲ್ಲ ಅತ್ತೆ, ತಟ್ಟೆ" ಅಂತ ತಿದ್ದಿಕೊಂಡ.

ಕುರ್ಚಿ ಎಳೆದುಕೊಂಡು ನನ್ನ ಬೆನ್ನ ಹಿಂದೆ ಕೂತ. ಡೇಡ್ರಿಕ್ ಕಂಡ.

"ವೇಸ್ಟ್ ಮಾವ."

"ಏನೋ ವೇಸ್ಟು? ಇದಕ್ಕಿಂತ ಗಟ್ಟಿ ಇನ್ನೊಂದಿಲ್ಲ."

"ಗಟ್ಟಿ ಇಟ್ಕೊಂಡು ಏನು ಮಾಡ್ತೀರಿ? ಆರ್ಮರ್ 567 ದಾಟಿದ ಮೇಲೆ ಎಷ್ಟು ಏರಿಸಿದ್ರೂ ಅಷ್ಟೇ. ಏಟಿನಲ್ಲಿ ನೂರಕ್ಕೆ ಎಂಬತ್ತು ತಡೆಯುತ್ತೆ, ಅದರ ಮೇಲೆ ತಡೆಯಲ್ಲ. ಹಗುರದ ಡ್ರ್ಯಾಗನ್‌ಸ್ಕೇಲ್ ಕವಚ ಹಾಕಿದ್ರೂ ತಿದ್ದಿ ತೀಡಿ ಅಲ್ಲಿಗೇ ಮುಟ್ಟಬಹುದು. ಇದರ ತೂಕ 81. ಅದರದ್ದು 20. ಇನ್ನು ಹತ್ತು ಲೆವೆಲ್ ಕಾದು ಕಮ್ಮಾರಿಕೆ 100 ಮಾಡಿದ್ರೆ ಅದನ್ನೇ ಮಾಡಬಹುದಿತ್ತು."

ಸಿಟ್ಟು ಬರುವುದು ಯಾಕೆ ಗೊತ್ತಾ? ಹುಡುಗ ಹೇಳಿದ್ದು ಸರಿ. ಲೆಕ್ಕ ಸರಿ, ತೂಕ ಸರಿ. ಹೊರುವ ಶಕ್ತಿ 300ರಿಂದ ಶುರು, ಅದರಲ್ಲಿ 81 ಮೈಮೇಲೆ, ಉಳಿದದ್ದು ನಾನು ಎಂದಾದರೂ ಬೇಕಾಗುತ್ತೆ ಅಂತ ಕೂಡಿಟ್ಟ ಡ್ರ್ಯಾಗನ್ ಮೂಳೆಗಳು, ಒಂದೊಂದೂ 15. ಹೊರೆ ಹೊರೋಕೆ ಒಬ್ಬಳು ಸಂಗಾತಿ ಇದ್ದಳು, ಅವಳು ಡ್ರ್ಯಾಗನ್ ಬಾಯಿಗೆ ಸಿಕ್ಕಿ ತೀರಿಹೋದಳು. ಹಾಗಾಗಿ ನನ್ನ ಹೀರೋ ಒಂದು ವಾರದಿಂದ ಓಡುತ್ತಿರಲಿಲ್ಲ. ಕಾಫಿ ಮೂಟೆ ಹೊತ್ತವನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದ. ಆದರೂ ನನಗೆ ಅದರಲ್ಲೊಂದು ಗತ್ತು ಕಾಣುತ್ತಿತ್ತು.

ಮಂಗಳವಾರ ಬೆಳಿಗ್ಗೆ ಮನೆಯ ನೀರು ನಿಂತಿತು. ನಮ್ಮದು ಮೇಲಿನ ತೋಡಿನಿಂದ ಬರುವ ಪೈಪಿನ ನೀರು. ಮಳೆಗಾಲದಲ್ಲಿ ಇದೊಂದು ತಮಾಷೆ, ಸುತ್ತ ಎಲ್ಲಿ ನೋಡಿದರೂ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಪೈಪಿನ ಬಾಯಿಗೆ ಎಲೆ ಕಟ್ಟಿರುತ್ತದೆ, ಯಾರಾದರೂ ಹತ್ತಿ ಹೋಗಿ ತೆಗೆಯಬೇಕು. ಯಾರಾದರೂ ಅಂದರೆ ನಾನು.

ಅಪ್ಪ ಜಗಲಿಯಿಂದಲೇ, "ನನ್ನ ಕೋಟು ಹಾಕ್ಕೊಂಡು ಹೋಗು" ಅಂದರು. ಅದು ಅವರು ಸೈನ್ಯದಲ್ಲಿದ್ದಾಗಿನ ರೈನ್‌ಕೋಟು. ದಪ್ಪ ರಬ್ಬರು ಮೆತ್ತಿದ ಹಸಿರು ಬಟ್ಟೆ, ಮೊಣಕಾಲಿನ ಕೆಳಗಿನವರೆಗೆ ಬರುತ್ತದೆ. ಅಳಿಯ ಒಂದು ಸಲ ಅದನ್ನು ತೂಕದ ಕೊಕ್ಕೆಗೆ ಹಾಕಿ ನೋಡಿದ್ದ. ಒಣಗಿದ್ದಾಗ ಮೂರೂವರೆ ಕಿಲೋ. ತೀರ್ಪು ಏನು ಬಂತು ಅಂತ ನಿಮಗೆ ಗೊತ್ತೇ ಇದೆ. ನಾನು ಅವನೇ ಆರಿಸಿ ಆನ್‌ಲೈನಿನಲ್ಲಿ ತರಿಸಿದ ಹಗುರದ ರೈನ್‌ಕೋಟು ಹಾಕಿಕೊಂಡೆ. "ಲೈಟ್‌ವೆಯ್ಟ್ ತಗೊಳ್ಳಿ ಮಾವ, ಕೈಕಾಲು ಆಡುತ್ತೆ" ಅಂದಿದ್ದ. ತಲೆಗೆ ಪ್ಲಾಸ್ಟಿಕ್ ಟೋಪಿ, ಕಾಲಿಗೆ ಗಂಬೂಟು, ಗಂಬೂಟಿನ ಬಾಯಿಗೆ ಸುತ್ತ ಜಿಗಣೆಗೆ ಅಂತ ಉಪ್ಪು, ಹೊಗೆಸೊಪ್ಪು. ನಾಲ್ಕೂ ಪೀಸು ಸೇರಿ ಫುಲ್ ಸೆಟ್. ಹೋಗುವಾಗ ಕಂಪ್ಯೂಟರ್ ಆಫ್ ಮಾಡಲಿಲ್ಲ. ಅದೇ ನಾನು ಮಾಡಿದ ತಪ್ಪು.

ಹತ್ತು ನಿಮಿಷದಲ್ಲಿ ಕೋಟಿನ ಹೆಗಲ ಹೊಲಿಗೆಯಲ್ಲಿ ನೀರು ಒಳಗೆ ಬಂತು. ಮಳೆ ನಮ್ಮಲ್ಲಿ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಗಾಳಿ ಬಂದರೆ ಅಡ್ಡಕ್ಕೂ ಬರುತ್ತೆ, ಒಂದೊಂದು ಸಲ ಕೆಳಗಿನಿಂದಲೂ. ಉಪ್ಪು ತೊಳೆದುಹೋಯಿತು. ತೋಡಿನಲ್ಲಿ ಕಾಲಿಟ್ಟಾಗ ಗಂಬೂಟಿನ ಮೇಲಿನಿಂದ ನೀರು ನುಗ್ಗಿ, ಆಮೇಲೆ ಒಂದೊಂದು ಹೆಜ್ಜೆಗೂ ಒಳಗೆ ಯಾರೋ ಕಾಫಿ ಸೊರಸೊರ ಕುಡಿದ ಸದ್ದು. ಎಲೆ ತೆಗೆದು, ಜಾರಿ, ಎದ್ದು, ಮನೆಗೆ ಬರುವಾಗ ಒಂದೂವರೆ ಗಂಟೆ ಆಗಿತ್ತು.

ಜಿಗಣೆ ಇರುವ ಊರಿನವರಿಗೆ ಮುಂದಿನದು ವಿವರಿಸಬೇಕಾಗಿಲ್ಲ. ಅಂಥ ಮೈಯಲ್ಲಿ ನೇರ ಒಳಗೆ ಹೋಗುವ ಹಾಗಿಲ್ಲ. ಜಗಲಿಯಲ್ಲೇ ಒಂದೊಂದೇ ಕಳಚಬೇಕು, ಕೊಡವಬೇಕು, ಹುಡುಕಬೇಕು. ಟೋಪಿ ತೆಗೆದೆ, ಕೋಟು ತೆಗೆದೆ, ಗಂಬೂಟು ತೆಗೆದು ಮಗುಚಿದೆ, ಅರ್ಧ ತೋಡು ಹೊರಗೆ ಬಂತು. ಎಡಗಾಲಿನಲ್ಲಿ ಮೂರು, ಬಲಗಾಲಿನಲ್ಲಿ ಒಂದು. ಸೊಂಟದಲ್ಲೇನೋ ತುರಿಸಿತು. ಪ್ಯಾಂಟೂ ತೆಗೆದೆ. ಅಲ್ಲೊಬ್ಬ ಗಡದ್ದಾಗಿ ಊಟ ಮುಗಿಸಿ ದ್ರಾಕ್ಷಿ ಹಣ್ಣಿನಷ್ಟಾಗಿದ್ದ.

ಜಗಲಿಯಿಂದ ಕಿಟಕಿಯಲ್ಲಿ ಕಂಪ್ಯೂಟರ್ ಕಾಣುತ್ತದೆ. ಜಿಗಣೆ ಕಿತ್ತು ತಲೆ ಎತ್ತಿದೆ. ಸ್ಕ್ರೀನಿನ ಮೇಲೆ, ವೈಟ್‌ರನ್ ಪೇಟೆಯಲ್ಲಿ, ಕಮ್ಮಾರನ ಅಂಗಡಿಯ ಎದುರು, ನನ್ನ ಹೀರೋ ಚಡ್ಡಿಯಲ್ಲಿ ನಿಂತಿದ್ದ. ಕೊಂಬಿನ ಹೆಲ್ಮೆಟ್ಟಿಲ್ಲ, ಮುಳ್ಳಿನ ಎದೆಕವಚವಿಲ್ಲ. ಡ್ರ್ಯಾಗನ್‌ಗಳ ಆತ್ಮ ಹೀರಿದ ಮಹಾವೀರ, ಮದುವೆ ಮನೆಯಲ್ಲಿ ಬಚ್ಚಲಿಗೆ ಸರದಿ ಕಾಯುವವನ ಹಾಗೆ ಕೈ ಇಳಿಬಿಟ್ಟು ನಿಂತಿದ್ದ. ಕಿಟಕಿಯ ಈಚೆ ನಾನೂ ಅದೇ ವೇಷದಲ್ಲಿ, ಕೈಯಲ್ಲಿ ಜಿಗಣೆ ಹಿಡಿದು ನಿಂತಿದ್ದೆ. ಅಳಿಯ ಒಮ್ಮೆ ಅವನನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ.

"ಇಬ್ಬರದ್ದೂ ಆರ್ಮರ್ ಸೊನ್ನೆ ಮಾವ" ಅಂದ.

ವಿಚಾರಣೆ ಶುರುವಾಯಿತು. "ಕವಚ ಎಲ್ಲಿ?"

"ಮಾರಿದೆ. ಓಡೋಕೇ ಆಗ್ತಿರಲಿಲ್ಲ ಅಲ್ವಾ."

"ಎಷ್ಟಕ್ಕೆ?"

ಇಲ್ಲಿ ಸ್ವಲ್ಪ ವ್ಯಾಪಾರ ಹೇಳಬೇಕು. ಆ ಎದೆಕವಚ ಒಂದರದ್ದೇ ಅಸಲು ಬೆಲೆ 3200. ಮಾತಿನ ಚಾಲಾಕಿ ಇಲ್ಲದವನು ಮಾರಿದರೆ ಸುಮಾರು ಮೂರರಲ್ಲಿ ಒಂದು ಪಾಲು ಸಿಗುತ್ತೆ, ಕೊಳ್ಳಲು ಹೋದರೆ ಮೂರು ಪಟ್ಟು ಹತ್ತಿರ ಕೊಡಬೇಕು. ಅದರ ಮೇಲೆ ಕಮ್ಮಾರನ ಬಂಡವಾಳವೇ ಸಾವಿರ ನಾಣ್ಯದ ಆಸುಪಾಸು. ಎದೆಕವಚ ಕೊಂಡ ಕೂಡಲೇ ಅವನ ಗಲ್ಲಾ ಖಾಲಿ. ಆಮೇಲೆ ಆಟವೇ ಕೇಳುತ್ತದೆ, ಅಂಗಡಿಯವನ ಹತ್ತಿರ ಅಷ್ಟು ದುಡ್ಡಿಲ್ಲ, ಆದರೂ ಕೊಡ್ತೀಯಾ ಅಂತ. ಅಳಿಯ "ಹೂಂ" ಒತ್ತಿದ್ದಾನೆ. ಮೂರು ಸಲ. ಬೂಟು ಚಿಲ್ಲರೆಗೆ ಹೋಯಿತು. ಗ್ಲೌಸು ಬಿಟ್ಟಿ. ಹೆಲ್ಮೆಟ್ ಬಿಟ್ಟಿ.

ಕರ್ಣ ಕವಚ ಕಳಚಿ ಕೊಟ್ಟಾಗ ಇಂದ್ರ ಬದಲಿಗೆ ಶಕ್ತ್ಯಾಯುಧವನ್ನಾದರೂ ಕೊಟ್ಟ. ಇಲ್ಲಿ ದಾನ ಮಾಡಿದವನು ಬೇರೆ, ಬೆತ್ತಲೆ ನಿಂತವನು ಬೇರೆ.

"ಹೋಗಲಿ, ಹಳೇ ಸೇವ್ ತೆಗಿ" ಅಂದೆ. ನನ್ನ ಅಭ್ಯಾಸ, ಒಂದೇ ಜಾಗದಲ್ಲಿ ಸೇವ್ ಮಾಡುವುದು. ಅದರ ಮೇಲೆಯೇ ಅವನು ಸೇವ್ ಮಾಡಿದ್ದ. "ಕರೆಂಟ್ ಹೋದ್ರೆ ನಿಮ್ಮದು ಹಾಳಾಗುತ್ತಲ್ಲ ಅಂತ ಮಾಡಿದೆ ಮಾವ" ಅಂತ ಎಷ್ಟು ಕಾಳಜಿಯಿಂದ ಹೇಳಿದ ಅಂದರೆ ಬೈಯಲು ಬಾಯಿ ಬರಲಿಲ್ಲ. ಆಟ ತಾನಾಗಿ ಇಟ್ಟುಕೊಳ್ಳುವ ಮೂರು ಸೇವ್‌ಗಳಿದ್ದವು, ಅವೂ ಹೋಗಿದ್ದವು. ಹೀರೋಗೆ ಸುಸ್ತಾಗಿರಬಹುದು ಅಂತ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ದಿನ ಮಲಗಿಸಿದ್ದ. ಎರಡು ದಿನ ಕಳೆದರೆ ಅಂಗಡಿಯ ಸರಕೇ ಬದಲಾಗುತ್ತದೆ. ಕಪಾಟಿನಲ್ಲಿ ಈಗ ಯಾರದ್ದೋ ಕಬ್ಬಿಣದ ಬೂಟು. ಡ್ರ್ಯಾಗನ್ ಮೂಳೆ ಮಾತ್ರ ಒಂದೂ ಮಾರಿರಲಿಲ್ಲ. "ಅದು ಮುಂದೆ ಬೇಕಾಗುತ್ತೆ ಅಲ್ವಾ?"

ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೂ ವಿಷಯ ತಿಳಿಯಿತು. ಅವರು ಆಟ ಕಂಡವರಲ್ಲ, ಆದರೆ ವ್ಯಾಪಾರ ಕಂಡವರು. "ಒಬ್ಬನ ಹತ್ತಿರವೇ ಎಲ್ಲ ಹಾಕಿದನಾ? ಇನ್ನೊಂದು ಅಂಗಡಿ ಕೇಳಲಿಲ್ಲವಾ? ಎಷ್ಟು ಬೀಜ ಬರುತ್ತೆ ಅಂತ ಔಟ್‌ಟರ್ನ್ ನೋಡದೆ ಚೆರಿ ಕಾಫಿ ಕೊಟ್ಟ ಹಾಗಾಯಿತು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮಳೆಗಾಲದಲ್ಲಿ ಏನನ್ನೂ ಮಾರಬಾರದು" ಅಂದರು. ಸೊಂಟದಲ್ಲಿ ಜಿಗಣೆ ಕಚ್ಚಿದ್ದಕ್ಕೆ ಇವಳದ್ದೂ ಒಂದು ಪರಿಹಾರ ಬಂತು: ಮುಂದಿನ ವಾರ ಕೊಡಗಿನ ಕಕ್ಕಡ ತಿಂಗಳ ಹದಿನೆಂಟು, ಮದ್ದು ಸೊಪ್ಪಿನ ಪಾಯಸ ಎರಡು ಲೋಟ ಕುಡಿಯಿರಿ, ಎಲ್ಲ ಸರಿಹೋಗುತ್ತೆ. ಅಳಿಯ ಕೂಡಲೇ, "ಅದರಲ್ಲಿ ಎಷ್ಟು ಪರ್ಸೆಂಟ್ ರೆಸಿಸ್ಟೆನ್ಸ್ ಬರುತ್ತೆ ಅತ್ತೆ?" ಅಂದ. ಪರ್ಸೆಂಟ್ ಗೊತ್ತಿಲ್ಲ, ಮೂತ್ರ ಕೆಂಪಾಗುತ್ತೆ ಅಂತ ಅಪ್ಪ ಗಂಭೀರವಾಗಿ ಹೇಳಿದರು. ಹುಡುಗ ಮೊದಲ ಸಲ ಮೆಚ್ಚಿಕೊಂಡ ಹಾಗೆ ಕಂಡಿತು.

ಮಲಗುವ ಮೊದಲು ಜಗಲಿಗೆ ಬಂದೆ. ಗೂಟದಲ್ಲಿ ಅಪ್ಪನ ಕೋಟು ನೇತಾಡುತ್ತಿತ್ತು. ಚಿಕ್ಕವನಿದ್ದಾಗ ಮಳೆಯಲ್ಲಿ ಶಾಲೆಯಿಂದ ಕರೆದುಕೊಂಡು ಬರುವಾಗ ಅವರು ನನ್ನನ್ನು ಅದರ ಒಳಗೇ ಸೇರಿಸಿಕೊಳ್ಳುತ್ತಿದ್ದರು. ಅವರ ಬೆಲ್ಟು ಹಿಡಿದು ಕಾಲಿಗೆ ಕಾಲು ತಾಗಿಸುತ್ತಾ ನಡೆಯುವುದು. ಒಳಗೆ ಕತ್ತಲು, ರಬ್ಬರಿನ ವಾಸನೆ, ಹೊರಗೆ ದಬದಬ ಮಳೆ. ದಾರಿ ಕಾಣುತ್ತಿರಲಿಲ್ಲ, ಒಂದು ಹನಿ ಬೀಳುತ್ತಿರಲಿಲ್ಲ. ಒಂದು ಹೊಲಿಗೆಯಲ್ಲೂ ನೀರು ಬಂದದ್ದು ನೆನಪಿಲ್ಲ.

ಆಟದಲ್ಲಿ ಒಂದು ಸವಲತ್ತಿದೆ. ಭಾರದ ಕವಚದ ಅಭ್ಯಾಸ 70 ಮುಟ್ಟಿದ ಮೇಲೆ ಅದನ್ನು ಪಡೆದುಕೊಂಡರೆ ಮೈಮೇಲಿನ ಕವಚಕ್ಕೆ ತೂಕವೇ ಇರುವುದಿಲ್ಲ. ಅಪ್ಪನಿಗೆ ಈ ವರ್ಷ ಎಪ್ಪತ್ತು. ಈಗೀಗ ಕೋಟಿನ ಎರಡನೇ ತೋಳು ಹಾಕಿಕೊಳ್ಳುವಾಗ ಒಂದು ಕೈ ಗೋಡೆಗೆ ಊರುತ್ತಾರೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಮಳೆ ಅಳೆಯಲು ಹೊರಟರು. ನಾನು ಹೋಗ್ತೇನೆ ಅಂದರೆ ಕೇಳುವವರಲ್ಲ, ಅಳತೆ ತಪ್ಪುತ್ತಂತೆ. ಅಂಗಳದ ತುದಿಯವರೆಗೆ ಆ ಕೋಟಿನಲ್ಲಿ ಒಂದೊಂದೇ ಹೆಜ್ಜೆ. ನನ್ನ ಹೀರೋ ನಡೆಯುತ್ತಿದ್ದ ಹಾಗೆಯೇ. ಅಳಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ವೇಸ್ಟ್ ಅನ್ನುತ್ತಾನೆ ಅಂತ ಕಾದೆ. ಅನ್ನಲಿಲ್ಲ. ಅವರು ಮೆಟ್ಟಿಲ ಹತ್ತಿರ ಬರುವಾಗ ಓಡಿಹೋಗಿ ಹಿಂದಿನಿಂದ ಕೋಟಿನ ಕಾಲರ್ ಹಿಡಿದು, ತೋಳು ಕಳಚಲು ನೆರವಾದ.

"ನಾಲ್ಕು ಇಂಚು ಹತ್ತು ಸೆಂಟು" ಅಂದರು ಅಪ್ಪ, ಪುಸ್ತಕ ತೆಗೆಯುತ್ತಾ.

"ನಾಲ್ಕಾ? ಹಾಗಾದ್ರೆ ನಾಳೆನೂ ರಜೆ ಅಜ್ಜ!" ಅಂತ ಕೋಟನ್ನು ಗೂಟಕ್ಕೆ ತಗುಲಿಸಿ, ಕುರ್ಚಿಯ ಕಡೆ ಓಡಿದ.

ಪಾಸ್‌ವರ್ಡ್ ಅಷ್ಟರಲ್ಲಿ ಬದಲಾಯಿಸಿ ಆಗಿತ್ತು.