ಅರ್ಧಕ್ಕೆ ನಿಂತ ಅಮ್ಮನ ಕತೆ

ನಿನ್ನೆ ರಾತ್ರಿ ಅಮ್ಮ ತನ್ನ ಬಾಲ್ಯದ ಯಾವುದೋ ಕತೆ ಹೇಳುತ್ತಿದ್ದಳು. ಸುತ್ತ ಮೂವರು, ಮೂರು ಫೋನು. ನಾನು ಒಳಗಿಂದ ಬರುವಷ್ಟರಲ್ಲಿ ಅಮ್ಮ ಎದ್ದು ಹೋಗಿದ್ದಳು. ಯಾರಿಗೂ ಗೊತ್ತೇ ಆಗಿಲ್ಲ! ನನ್ನ ತಮ್ಮ ತಲೆ ಎತ್ತದೆಯೇ "ಹ್ಞೂಂ, ಆಮೇಲೆ?" ಅಂದ.

ಮೈ ಉರಿದುಹೋಯಿತು ನನಗೆ. ಈ "ಹ್ಞೂಂ" ಕೇಳಿ ಕೇಳಿ ಸಾಕಾಗಿದೆ. ಊಟಕ್ಕೆ ಕರೆದರೆ ಹ್ಞೂಂ, ತಲೆ ನೋಯುತ್ತಿದೆ ಅಂದರೂ ಹ್ಞೂಂ. ಅದೇ ಅಮ್ಮನ ಹುಟ್ಟುಹಬ್ಬ ಬಂದರೆ ಸ್ಟೇಟಸ್ಸಿನಲ್ಲಿ ಹತ್ತು ಫೋಟೊ, "ನೀನೇ ನನ್ನ ಪ್ರಪಂಚ" ಅಂತ ಉದ್ದುದ್ದ ಬರಹ. ಅಮ್ಮ ಸ್ಟೇಟಸ್ ನೋಡುವುದೇ ಇಲ್ಲ! ಪಕ್ಕದಲ್ಲೇ ಕೂತವಳ ಮುಖ ನೋಡಿ ಒಂದು ಮಾತು ಆಡೋದು ಅಷ್ಟು ಕಷ್ಟಾನಾ? ಊರಿಗೆಲ್ಲ ತೋರಿಸೋ ಪ್ರೀತಿ ಯಾರಿಗೆ ಬೇಕು?

ಕತೆ ಮುಂದೇನಾಯಿತು ಅಂತ ಬೆಳಿಗ್ಗೆ ಕೇಳಿದೆ. "ಬಿಡು, ಏನಿಲ್ಲ" ಅಂದಳು.